ಬಿದ್ದ ಅಡಿಕೆ ಹೆಕ್ಕುವ ಕೆಲಸ

ಅಕ್ಕನ ಮಗಳು ಮೊನ್ನೆ ಫೋನಿನಲ್ಲಿ ಕೇಳಿದಳು, "ಚಿಕ್ಕಮ್ಮ, ಆ ವರ್ಷ ನೀವು ಅಷ್ಟು ಗಟ್ಟಿಯಾಗಿ ಇದ್ದದ್ದು ಹೇಗೆ?" ಗಟ್ಟಿ ಇರಲಿಲ್ಲ ಮಾರಾಯ್ತಿ. ಸೊಂಟ ನೋವಿತ್ತು.

2018ರ ಮಳೆಗಾಲ. ಮನೆಯವರು ತೀರಿಹೋಗಿ ವರ್ಷವೂ ತುಂಬಿರಲಿಲ್ಲ. ಸುಳ್ಯದ ಕಡೆಯ ನಮ್ಮ ತೋಟಕ್ಕೆ ಮಳೆಗೆ ಮೊದಲು ಒಮ್ಮೆ ಕೊಳೆರೋಗ ಬಾರದ ಹಾಗೆ ಬೋರ್ಡೋ ಮದ್ದು ಬಿಟ್ಟಾಗಿತ್ತು. 40-45 ದಿನಕ್ಕೆ ಮತ್ತೆ ಬಿಡಬೇಕು. ಮಳೆ ಬಿಟ್ಟರೆ ತಾನೆ? ಒದ್ದೆ ಮರ ಹತ್ತುವವರು ಯಾರು?

ಕೊಳೆರೋಗ ಬಂತು. ಬೆಳಿಗ್ಗೆ ಹೋದರೆ ಬುಡದ ತುಂಬ ಎಳೆ ಕಾಯಿ, ಮೇಲೆ ಬಿಳಿ ಬೂಷ್ಟು. ತೋಡಿನ ಬದಿ ಕೂತು ಅಳುವುದೇ ನನ್ನ ಕೆಲಸವಾಯಿತು. ಸೊಸೈಟಿ ಸಾಲ ಬೇರೆ.

ಆಗಸ್ಟಿನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಜರಿದು ಮಡಿಕೇರಿ ರಸ್ತೆಯೇ ಮುಚ್ಚಿತು. "ಅಲ್ಲಿಯವರ ಮನೆಗಳೇ ಹೋಗಿವೆ, ನಿಂದು ಅಡಿಕೆ ಮಾತ್ರ ಅಲ್ವಾ" ಅಂದರು ನೆಂಟರು. ಹೌದು, ಸುಳ್ಳಲ್ಲ. ಆದರೆ ಆ ಮಾತಿನಿಂದ ದುಃಖ ಕಮ್ಮಿಯಾಗಲಿಲ್ಲ, ಅಳಲಿಕ್ಕೆ ನಾಚಿಕೆಯಾಯಿತು ಅಷ್ಟೇ.

ಅತ್ತೆ ಮಾತ್ರ ಏನೂ ಹೇಳಲಿಲ್ಲ. ಹೋದದ್ದು ಅವರ ಮಗನಲ್ವಾ. ಒಂದು ದಿನ ಹೆಡಿಗೆ ತಂದು ನನ್ನ ಮುಂದೆ ಇಟ್ಟರು. "ಬಾ, ಹೆಕ್ಕುವ. ಬುಡದಲ್ಲೇ ಬಿಟ್ರೆ ಇನ್ನೂ ಹರಡ್ತದೆ."

ಹೆಕ್ಕಿದೆವು. ದಿನಾ ಬೆಳಿಗ್ಗೆ, ಮಳೆಗೆ ತಲೆ ಮೇಲೆ ಕೊಪ್ಪೆ ಹಾಕಿಕೊಂಡು, ಜಿಗಣೆ ಕೀಳುತ್ತಾ. ಮಾರಲಿಕ್ಕೆ ಆಗದ ಅಡಿಕೆ, ದೂರ ಒಯ್ದು ಗುಂಡಿಯಲ್ಲಿ ಹೂಳಲಿಕ್ಕೆ. ಒಂದು ಸಾಲು ಮುಗಿಸಿ ಹಿಂದೆ ನೋಡಿದರೆ ಮತ್ತೆ ನಾಲ್ಕು ಬಿದ್ದಿರುತ್ತಿತ್ತು. ಹತ್ತು-ಹನ್ನೆರಡು ದಿನ ಕಳೆದಿರಬೇಕು. ಅತ್ತೆ ಸುಮ್ನೆ ಶುರು ಮಾಡಿದರು: ಮಗ ಸಣ್ಣವನಿದ್ದಾಗ ಅಡಿಕೆ ಹೆಕ್ಕಲಿಕ್ಕೆ ಕರೆದರೆ ದನದ ಹಟ್ಟಿಯ ಅಟ್ಟದಲ್ಲಿ ಅಡಗುತ್ತಿದ್ದನಂತೆ, ಒಮ್ಮೆ ಅಲ್ಲೇ ನಿದ್ದೆ ಹೋಗಿ ಊರೆಲ್ಲಾ ಹುಡುಕಿದ್ದಂತೆ. ಇಬ್ಬರೂ ನಕ್ಕೆವು. ಮನೆಯವರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಫಸಲು ಅರ್ಧಕ್ಕಿಂತ ಜಾಸ್ತಿ ಹೋಯಿತು. ಸಾಲ ತೀರಿಸಲಿಕ್ಕೆ ಮೂರು ವರ್ಷ ಬೇಕಾಯಿತು.

ಈಗ ಫೈಬರಿನ ಉದ್ದ ಕೋಲು, ದೋಟಿ, ಬಂದಿದೆ, ನೆಲದಲ್ಲೇ ನಿಂತು ಮದ್ದು ಬಿಡಬಹುದು. ಮದ್ದು ಕಲಸುವುದು ನಾನೇ. 100 ಲೀಟರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಕಬ್ಬಿಣದ ಕತ್ತಿ ಅದ್ದಿದಾಗ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು ಎಂದರ್ಥ. ಅತ್ತೆಗೆ ಈಗ ಬಗ್ಗಲಿಕ್ಕೆ ಆಗುವುದಿಲ್ಲ. ಜಗಲಿಯಿಂದಲೇ ಕೂಗುತ್ತಾರೆ, "ಕತ್ತಿ ಅದ್ದಿದ್ಯಾ?"

ಈ ಸಲ ಅದ್ದಿದೆ, ಕೆಂಪಾಯಿತು. ಇನ್ನೊಂದು ಹಿಡಿ ಸುಣ್ಣ ಹಾಕಿದೆ.