ಹೆಸರು ಹಿಡಿದು ಪ್ರಾರ್ಥಿಸುವುದು

ಮುಂಬಯಿಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಈ ಭಾನುವಾರ ಪ್ರಾರ್ಥನೆ ನಡೆಸುವ ಸರದಿ ನನ್ನದಾಗಿತ್ತು. 'ಹಿಂಸೆಗೊಳಗಾದವರನ್ನು ಕಾಪಾಡು' ಎಂಬ ರೂಢಿಯ ಸಾಲು ಬಹುಕಾಲದಿಂದ ಸಪ್ಪೆಯೆನಿಸುತ್ತಿದ್ದುದರಿಂದ, ಊರುಗಳ ಹೆಸರು ಹೇಳಿಯೇ ಬೇಡಿಕೊಂಡೆ.

2008ರ ಆಗಸ್ಟ್ 23ರಂದು ವಿಶ್ವ ಹಿಂದೂ ಪರಿಷತ್ತಿನ ಮುಖಂಡ ಸ್ವಾಮಿ ಲಕ್ಷ್ಮಣಾನಂದ ಸರಸ್ವತಿಯವರ ಹತ್ಯೆಯಾದಾಗ, ಹೊಣೆಯನ್ನು ಮಾವೋವಾದಿಗಳು ಹೊತ್ತುಕೊಂಡರೂ, ಸೇಡು ಎರಗಿದ್ದು ಒಡಿಶಾದ ಕಂಧಮಾಲ್‌ನ ದಲಿತ, ಆದಿವಾಸಿ ಕ್ರೈಸ್ತರ ಮನೆಗಳ ಮೇಲೆ. ಸಾವಿರಾರು ಜನ ಕಾಡಿಗೂ ಪರಿಹಾರ ಶಿಬಿರಗಳಿಗೂ ಓಡಿದರು. 2015ರಲ್ಲಿ ಲಿಬಿಯಾದ ಕಡಲತೀರದಲ್ಲಿ ಕೊಲೆಯಾದ 21 ಕ್ರೈಸ್ತರಲ್ಲಿ 20 ಮಂದಿ ಈಜಿಪ್ಟಿನ ಕಾಪ್ಟಿಕ್ ಸಭೆಯವರು, ಒಬ್ಬ ಘಾನಾದವನು. ನಮ್ಮ ಅಜ್ಜಂದಿರು ಮುಂಬಯಿಗೆ ಬಂದಂತೆಯೇ ಅವರೂ ಹೊಟ್ಟೆಪಾಡಿಗಾಗಿ ಪರವೂರಿಗೆ ಹೋದವರು.

ಮಣಿಪುರದ ಹೆಸರು ಬಂದಾಗ ಮಾತ್ರ ತಡವರಿಸಿದೆ. 2023ರ ಮೇ 3ರಂದು ಅಲ್ಲಿ ಭುಗಿಲೆದ್ದದ್ದು ಕುಕಿ ಮತ್ತು ಮೈತೇಯಿ ಸಮುದಾಯಗಳ ನಡುವಿನ ಜನಾಂಗೀಯ ಕಲಹ. ಕುಕಿಗಳ ಚರ್ಚುಗಳೊಂದಿಗೆ ಮೈತೇಯಿ ಕ್ರೈಸ್ತರ ಚರ್ಚುಗಳೂ ಸುಟ್ಟವು, ದೇವಸ್ಥಾನಗಳೂ ಹಾನಿಗೊಂಡವು. ಅದನ್ನು ಬರಿಯ ಧರ್ಮದ್ವೇಷವೆಂದು ದೇವರ ಮುಂದೆ ಹೇಳಿದರೆ ಸುಳ್ಳಾದೀತೆಂದು, ಎರಡೂ ಕಡೆಯ ನಿರಾಶ್ರಿತರಿಗಾಗಿ ಬೇಡಿದೆ.

ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರು, 'ಕೊಂದವರಿಗಾಗಿ ಬೇಡಲು ಮರೆತೆಯಲ್ಲಪ್ಪ' ಎಂದರು. ಮರೆತಿರಲಿಲ್ಲ, ಬಾಯಿ ಬರಲಿಲ್ಲ.