ಬಿದ್ದ ವಿಮಾನದ ಮೋಟರ್‌ಗೆ ತಕ್ಷಣ ಬ್ಯಾಟರಿ ಕೊಡಬೇಡಿ

ರಿಮೋಟ್‌ನಿಂದ ಹಾರಿಸುವ ಆರ್‌ಸಿ ವಿಮಾನಗಳ ರಿಪೇರಿ ನನ್ನ ಕೆಲಸ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳ ಹುಡುಗರು, ಭಾನುವಾರ ಬೆಳಗ್ಗೆ ಮೈದಾನದಲ್ಲಿ ಹಾರಿಸುವ ಹವ್ಯಾಸಿಗಳು ನನ್ನ ಗಿರಾಕಿಗಳು. ಮೂಗು ಕೆಳಗಾಗಿ ಬಿದ್ದ ವಿಮಾನದ ಫೋಮ್ ಎಲ್ಲಿ ಮುರಿದಿದೆ ಅಂತ ಯಾರ ಕಣ್ಣಿಗಾದರೂ ಕಾಣುತ್ತದೆ, ಅಂಟು ಹಾಕಿದರೆ ಕೂರುತ್ತದೆ. ಮೋಟರ್ ವಿಷಯಕ್ಕೆ ಬಂದರೆ ಮಾತ್ರ ಹೆಚ್ಚಿನವರದು ಒಂದೇ ಮಾತು: "ಮೋಟರ್ ಓಕೆ ಅಣ್ಣಾ, ಬ್ಯಾಟರಿ ಹಾಕಿ ನೋಡಿದ್ವಿ, ತಿರುಗ್ತಿದೆ."

ತಿರುಗಿದ ಮಾತ್ರಕ್ಕೆ ಮೋಟರ್ ಸರಿಯಿದೆ ಅಂತಲ್ಲ. ಅದಕ್ಕಿಂತ ಮುಖ್ಯ, ಕೆಟ್ಟ ಮೋಟರ್‌ಗೆ ಒಮ್ಮೆ ಬ್ಯಾಟರಿ ಕೊಟ್ಟರೆ, ಮೋಟರ್ ವೇಗ ನಿಯಂತ್ರಿಸುವ ಸರ್ಕ್ಯೂಟ್ ಆದ ಇಎಸ್‌ಸಿಯೂ ಅದರ ಜೊತೆ ಹೋಗಬಹುದು. ಹಾಗಾಗಿ ನನ್ನ ಮೇಜಿನ ಮೇಲೆ ಮೊದಲ ಪರೀಕ್ಷೆ ಕರೆಂಟ್ ಇಲ್ಲದೆಯೇ ನಡೆಯಬೇಕು.

ನಮ್ಮಲ್ಲಿ ಹೆಚ್ಚು ಬರುವುದು 2212 ಮೋಟರ್. ಅದರ ಸ್ಟೇಟರ್, ಅಂದರೆ ತಿರುಗದ ಒಳಭಾಗ, 22 ಮಿ.ಮೀ. ಅಗಲ, 12 ಮಿ.ಮೀ. ಎತ್ತರ. ಒಳಗೆ ತಾಮ್ರದ ಸುರುಳಿಗಳು ಅಲುಗದೆ ಕೂತಿರುತ್ತವೆ, ಆಯಸ್ಕಾಂತ ಅಂಟಿಸಿದ ಹೊರಗಿನ ಬೆಲ್ ತಿರುಗುತ್ತದೆ. ಎರಡರ ನಡುವಿನ ಜಾಗ ಅರ್ಧ ಮಿಲಿಮೀಟರ್‌ಗೂ ಕಡಿಮೆ. ಶಾಫ್ಟ್ ಕೂದಲೆಳೆಯಷ್ಟು ಬಾಗಿದರೂ ಸಾಕು, ಬೆಲ್ ಎಲ್ಲೋ ಒಂದು ಕಡೆ ಉಜ್ಜತೊಡಗುತ್ತದೆ.

ಪ್ರೊಪೆಲ್ಲರ್ ಬಿಚ್ಚಿ, ಮೂರೂ ವೈರ್‌ಗಳನ್ನು ಇಎಸ್‌ಸಿಯಿಂದ ಕಳಚಿ, ಬೆಲ್ಲನ್ನು ಬೆರಳಿನಿಂದ ನಿಧಾನ ತಿರುಗಿಸಬೇಕು. ಸುತ್ತಿನುದ್ದಕ್ಕೂ ಒಂದೇ ಸಮ ಸಣ್ಣ ಸಣ್ಣ ತಡೆ ಸಿಗುತ್ತದೆ. ಅದು ಆಯಸ್ಕಾಂತದ ಗುಣ, ದೋಷವಲ್ಲ. ಒಂದೇ ಜಾಗದಲ್ಲಿ ಕರಕರ ಅಂದರೆ ಉಜ್ಜುತ್ತಿದೆ ಅಥವಾ ಮಣ್ಣು ಹೊಕ್ಕಿದೆ. ಏನೂ ಜೋಡಿಸದಿದ್ದರೂ ಯಾರೋ ಹಿಡಿದಂತೆ ಬಿಗಿಯಾಗಿದ್ದರೆ ಒಳಗೆ ಸುರುಳಿ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಬಿಚ್ಚಿದಾಗ ಸಲೀಸು, ಇಎಸ್‌ಸಿಗೆ ಜೋಡಿಸಿದಾಗ ಮಾತ್ರ ಬಿಗಿ ಅಂದರೆ ಇಎಸ್‌ಸಿಯಲ್ಲಿ ಕರೆಂಟನ್ನು ಆನ್-ಆಫ್ ಮಾಡುವ ಮಾಸ್‌ಫೆಟ್ ಹೋಗಿದೆ. ಬ್ಯಾಟರಿ ಮುಟ್ಟುವ ಮೊದಲೇ ಇಷ್ಟು ತಿಳಿದುಬಿಡುತ್ತದೆ.

ಆಮೇಲೆ ವೈರ್‌ಗಳನ್ನು ಎರಡೆರಡಾಗಿ ಶಾರ್ಟ್ ಮಾಡಿ ತಿರುಗಿಸಿ ನೋಡುತ್ತೇನೆ. ಮೂರೂ ಜೋಡಿಗೆ ಬಿಗಿ ಒಂದೇ ಸಮ ಇರಬೇಕು. ಹುಡುಗರು ಇದರ ಬದಲು, ಕರೆಂಟಿಗೆ ದಾರಿ ಇದ್ದರೆ ಮಲ್ಟಿಮೀಟರ್ ಕೊಡುವ ಬೀಪ್ ನಂಬುತ್ತಾರೆ. ಸುರುಳಿಯ ರೆಸಿಸ್ಟೆನ್ಸ್ ಓಮ್‌ನ ಹತ್ತನೇ ಒಂದು ಭಾಗದ ಆಸುಪಾಸು, ಆದ್ದರಿಂದ ಒಳ್ಳೆಯ ಮೋಟರೂ ಬೀಪ್ ಅನ್ನುತ್ತದೆ, ಶಾರ್ಟ್ ಆದದ್ದೂ ಬೀಪ್ ಅನ್ನುತ್ತದೆ. ಮೀಟರ್ ಉಪಯೋಗಕ್ಕೆ ಬರುವುದು ಬೇರೆ ಕಡೆ: ಒಂದು ಕಡ್ಡಿ ವೈರ್‌ಗೆ, ಇನ್ನೊಂದು ಮೋಟರ್ ಮೈಗೆ. ಅಲ್ಲಿ ಬೀಪ್ ಬರಲೇಬಾರದು.

ಒಂದು ಕಾಲೇಜು ತಂಡದ ವಿಮಾನ ನೆನಪಾಗುತ್ತದೆ. ಬಿದ್ದ ಮೇಲೆ ಮೂಗಿನ ಪ್ಲೈವುಡ್ ಬದಲಾಯಿಸಿ ಹಾರಿಸಲು ಹೋದರೆ ಇಎಸ್‌ಸಿ ಸುಟ್ಟಿತ್ತು. ಹೊಸದು ಹಾಕಿದರು, ಅದೂ ಸುಟ್ಟಿತು. ಇಎಸ್‌ಸಿಯೇ ಕಳಪೆ ಅಂತ ತೀರ್ಮಾನಿಸಿ ಬಂದಿದ್ದರು. ಬೆಲ್ ತಿರುಗಿಸಿದೆ, ಬಿಗಿ. ಮೀಟರ್ ಹಿಡಿದೆ, ಮೈಗೆ ಬೀಪ್. ಮೋಟರನ್ನು ಮೂಗಿಗೆ ಹಿಡಿದಿಡುವ ಮೌಂಟಿನ ಸ್ಕ್ರೂಗಳನ್ನು ಸಡಿಲಿಸುತ್ತಾ ಹೋದಂತೆ ಬಿಗಿ ಒಮ್ಮೆಲೇ ಮಾಯ! ಹೊಸ ಪ್ಲೈವುಡ್ ಹಳೆಯದಕ್ಕಿಂತ ತೆಳು, ಸ್ಕ್ರೂ ಮಾತ್ರ ಹಳೆಯವೇ. ತುದಿಗಳು ಒಳಗೆ ಹೊಕ್ಕು ಬೇರೆ ಬೇರೆ ಸುರುಳಿಗಳ ತಂತಿಯ ಮೇಲಿನ ಎನಾಮಲ್ ಲೇಪ ಕೆರೆದು, ಮೋಟರ್ ಮೈ ಮೂಲಕ ಎರಡನ್ನೂ ಒಂದು ಮಾಡಿದ್ದವು. ತಂತಿ ತುಂಡಾಗಿರಲಿಲ್ಲ. ಕೆರೆದ ಜಾಗಕ್ಕೆ ಇನ್ಸುಲೇಟಿಂಗ್ ವಾರ್ನಿಶ್ ಕೊಟ್ಟು, ಒಣಗಿಸಿ, ಗಿಡ್ಡ ಸ್ಕ್ರೂ ಹಾಕಿದೆ. ಮೋಟರ್ ಉಳಿಯಿತು.

ರಿಪೇರಿಯಲ್ಲಿ ನನ್ನ ಹೆಚ್ಚು ಹೊತ್ತು ತಿನ್ನುವುದು ಮಣ್ಣು. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಕಪ್ಪು ಕಣಗಳಿರುತ್ತವೆ, ಅವು ಆಯಸ್ಕಾಂತಕ್ಕೆ ಗಡ್ಡದಂತೆ ಅಂಟಿಕೊಳ್ಳುತ್ತವೆ. ಗಾಳಿ ಊದಿದರೆ ಹೋಗುವುದಿಲ್ಲ, ಬೇರಿಂಗ್ ಒಳಗೆ ಸೇರಿಕೊಳ್ಳುತ್ತವೆ. ಹಿಂದಿನ ಕ್ಲಿಪ್ ಅಥವಾ ಗ್ರಬ್ ಸ್ಕ್ರೂ ತೆಗೆದು ಬೆಲ್ಲನ್ನು ಹೊರಗೆಳೆದು, ಸೆಲ್ಲೋಟೇಪ್ ಒತ್ತಿ ಒತ್ತಿ ಎತ್ತಬೇಕು. ಬೇರಿಂಗ್‌ಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವವರಿದ್ದಾರೆ. ಅದು ಇದ್ದ ಗ್ರೀಸನ್ನೂ ತೊಳೆದುಬಿಡುತ್ತದೆ. ಚೊಕ್ಕ ಮಾಡಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಆಮೇಲೂ ಕರಕರ ಅಂದರೆ ಬೇರಿಂಗೇ ಬದಲಾಗಬೇಕು.

ಬಾಗಿದ ಶಾಫ್ಟನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡಿ ಕೊಡಿ ಅಂತ ಕೇಳುತ್ತಾರೆ. ನಾನು ಮಾಡುವುದಿಲ್ಲ. ಗಾಜಿನ ಮೇಲೆ ಉರುಳಿಸಿ ಕೆಳಗೆ ಬೆಳಕು ಕಂಡರೆ ಹೊಸ ಶಾಫ್ಟೇ ಹಾಕಬೇಕು, ಯಾಕೆಂದರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಉಳಿದ ಚೂರು ಬಾಗೂ ಮೂಗನ್ನೇ ಅಲುಗಾಡಿಸುತ್ತದೆ. ಆಯಸ್ಕಾಂತ ಕಳಚಿದ್ದರೆ ಎಪಾಕ್ಸಿ ಹಾಕಿ ಕೂರಿಸಬಹುದು. ಉತ್ತರ, ದಕ್ಷಿಣ ಧ್ರುವಗಳು ಒಂದು ಬಿಟ್ಟು ಒಂದು ಬರಬೇಕು, ತಿರುವುಮುರುವಾದರೆ ಮೋಟರ್ ಗುಂಯ್‌ಗುಟ್ಟಿ ನಡುಗುತ್ತದೆ. ತೆಗೆಯುವ ಮೊದಲೇ ಮಾರ್ಕರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಇಷ್ಟಾದ ಮೇಲೆ ಬ್ಯಾಟರಿ. ಪ್ರೊಪೆಲ್ಲರ್ ಇಲ್ಲದೆ, ಬ್ಯಾಟರಿಯಿಂದ ಇಎಸ್‌ಸಿಗೆ ಹೋಗುವ ಒಂದು ವೈರ್‌ನ ನಡುವೆ ಬೈಕಿನ 12 ವೋಲ್ಟ್, 21 ವಾಟ್ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ. ಎಲ್ಲೋ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಇಎಸ್‌ಸಿ ಬಚಾವ್.

ಹಾರಿಸುವವರು ಒಂದು ರೂಢಿ ಮಾಡಿಕೊಂಡರೆ ನನ್ನ ಅರ್ಧ ಕೆಲಸ ಕಮ್ಮಿಯಾಗುತ್ತದೆ: ವಿಮಾನ ಬೀಳುವುದು ಖಚಿತವಾದ ಕೂಡಲೇ ಥ್ರಾಟಲ್ ಸೊನ್ನೆಗೆ ಇಳಿಸಿ. ಹೊಡೆತಕ್ಕಿಂತ, ಪ್ರೊಪೆಲ್ಲರ್ ಹುಲ್ಲಿಗೆ ಸಿಕ್ಕಿ ನಿಂತಾಗಲೂ ಕರೆಂಟ್ ಹರಿಯುತ್ತಲೇ ಇದ್ದು ಸುಟ್ಟ ಮೋಟರ್‌ಗಳೇ ನನ್ನ ಹತ್ತಿರ ಜಾಸ್ತಿ ಬರುತ್ತವೆ. ಸುರುಳಿ ಕಪ್ಪಗಾಗಿ ವಾಸನೆ ಬಂದ ಸಣ್ಣ ಮೋಟರನ್ನು ಮತ್ತೆ ವೈಂಡಿಂಗ್ ಮಾಡಿಸುವುದಕ್ಕಿಂತ ಹೊಸದೇ ಅಗ್ಗ ಅಂತ ನಾನೇ ಹೇಳಿ ಕಳಿಸುತ್ತೇನೆ.

ರಿಪೇರಿಗೆ ತರುವಾಗ ಮೋಟರ್ ಒಂದನ್ನೇ ಬಿಚ್ಚಿ ತರಬೇಡಿ. ಮೌಂಟ್, ಅದರ ಸ್ಕ್ರೂಗಳು, ಪ್ರೊಪೆಲ್ಲರ್ ಅಡಾಪ್ಟರ್, ಇಎಸ್‌ಸಿ ಎಲ್ಲಾ ತನ್ನಿ. ಉಬ್ಬಿದ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಮಾತ್ರ ಅದೇ ಚೀಲಕ್ಕೆ ಹಾಕಬೇಡಿ.