ಹೈಪರ್‌ಟಫ್‌ನೆಸ್: ಸಾವಿನ ವರ್ಷದಲ್ಲಿ ಬಂದ ದ್ರುತಗತಿಯ ಆಲ್ಬಂ

ಜಪಾನಿನ ಕೋಬೆ ನಗರದಲ್ಲಿ 2008ರಲ್ಲಿ ಹುಟ್ಟಿದ 'ಫಿಯರ್, ಆ್ಯಂಡ್ ಲೋದಿಂಗ್ ಇನ್ ಲಾಸ್ ವೇಗಸ್' ತಂಡದ ಆರನೆಯ ಸ್ಟುಡಿಯೋ ಆಲ್ಬಂ 'ಹೈಪರ್‌ಟಫ್‌ನೆಸ್' 2019ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ಅದೇ ವರ್ಷದ ಜನವರಿಯಲ್ಲಿ ತಂಡದ ಬೇಸ್ ಗಿಟಾರ್ ವಾದಕ ಕೇಯ್ ಅಕಾಲಿಕವಾಗಿ ತೀರಿಕೊಂಡಿದ್ದರು. ಅದರ ಹಿಂದಿನ ವರ್ಷವಷ್ಟೇ ಇಬ್ಬರು ಗಿಟಾರ್ ವಾದಕರಲ್ಲಿ ಒಬ್ಬರು ತಂಡ ತೊರೆದಿದ್ದರು. ಕೇಯ್ ಅವರ ಜಾಗಕ್ಕೆ ತೆತ್ಸುಯ ಬಂದ ಮೇಲೆ ಹೊರಬಂದ ಮೊದಲ ಆಲ್ಬಂ ಇದು. ಈ ಹಿನ್ನೆಲೆಯನ್ನು ತಿಳಿದು ಕೇಳಲು ಕುಳಿತವರು ವಿಲಂಬಗತಿಯ ಶೋಕಗೀತೆಗಳನ್ನು ನಿರೀಕ್ಷಿಸುವುದು ಸಹಜ. ತಂಡ ಆರಿಸಿಕೊಂಡದ್ದು ಮಾತ್ರ ದ್ರುತಗತಿಯನ್ನು, ಮತ್ತು ಆ ಆಯ್ಕೆಯೇ ಈ ಆಲ್ಬಂನ ಜೀವಾಳವೆಂದು ನಾನು ನಂಬುತ್ತೇನೆ.

ಈ ತಂಡ ನುಡಿಸುವ ಮೆಟಲ್‌ಕೋರ್ ಎಂದರೆ ರಾಕ್ ಸಂಗೀತದ ಕವಲುಗಳಾದ ಹಾರ್ಡ್‌ಕೋರ್ ಪಂಕ್‌ನ ಆವೇಶ ಮತ್ತು ಮೆಟಲ್‌ನ ಭಾರವಾದ ಗಿಟಾರ್ ಎರಡೂ ಬೆರೆತ ಪ್ರಕಾರ. ಇದಕ್ಕೆ ಸಿಂಥಸೈಜರ್, ಅಂದರೆ ವಿದ್ಯುನ್ಮಾನ ಸದ್ದು ಹುಟ್ಟಿಸುವ ವಾದ್ಯ, ಸೇರಿಸಿದ ತಂಡಗಳು ಬೇಕಾದಷ್ಟಿವೆ. ಬಹಳಷ್ಟು ಕಡೆ ಅದು ಮೇಲೆ ಬಳಿದ ಬಣ್ಣದಂತೆಯೇ ಉಳಿಯುತ್ತದೆ. ಇಲ್ಲಿ ಹಾಗಲ್ಲ. ತಂಡದ ಇಬ್ಬರು ಗಾಯಕರಲ್ಲಿ ಮಿನಾಮಿ ಗಂಟಲು ಹರಿಯುವಂತೆ ಕಿರುಚುತ್ತಾರೆ, ಕೀಬೋರ್ಡನ್ನೂ ನುಡಿಸುತ್ತಾರೆ. ಇನ್ನೊಬ್ಬರಾದ ಸೋ ಅವರ ತಿಳಿಯಾದ ಕಂಠವು ಆಟೋಟ್ಯೂನ್ ಎಂಬ ಸ್ವರ ತಿದ್ದುವ ತಂತ್ರಾಂಶದಲ್ಲಿ ಹಾದು ಬರುತ್ತದೆ. ಆಟೋಟ್ಯೂನನ್ನು ಸಾಮಾನ್ಯವಾಗಿ ತಪ್ಪಿದ ಸ್ವರವನ್ನು ಯಾರಿಗೂ ಗೊತ್ತಾಗದಂತೆ ಸರಿಪಡಿಸಲು ಬಳಸುತ್ತಾರೆ. ಅದನ್ನೇ ಬಿಗಿಯಾಗಿ ಹಿಡಿದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿಯೇ ಕತ್ತರಿಸಿಹೋಗುತ್ತದೆ; ನಮ್ಮ ಸಂಗೀತದಲ್ಲಿ ಗಮಕಕ್ಕೆ ಇರುವ ಎಡೆ ಅಲ್ಲಿ ಇಲ್ಲವಾಗಿ, ಕಂಠವೂ ಸಿಂಥಸೈಜರ್‌ನ ಮತ್ತೊಂದು ಮನೆಯಂತೆ ಮಿಡಿಯುತ್ತದೆ. ಕಿರುಚಾಟದ ಪಕ್ಕದಲ್ಲಿ ಅದನ್ನು ಕೇಳಿದಾಗ, ಯಂತ್ರದಂತಹ ದನಿಯಲ್ಲಿಯೇ ಹೆಚ್ಚು ಆರ್ದ್ರತೆ ಇದೆ ಎಂದು ನನಗೆ ಅನ್ನಿಸಿದೆ.

ಚಿಕ್ಕಮಗಳೂರಿನಲ್ಲಿ ಈ ಬಗೆಯ ಸಂಗೀತ ಕೇಳುವವರು ಹೆಚ್ಚಿಲ್ಲ, ಇರುವವರಲ್ಲಿ ಅನೇಕರು ಆನಿಮೆಯ, ಅಂದರೆ ಜಪಾನಿನ ಆನಿಮೇಷನ್ ಸರಣಿಗಳ, ಬಾಗಿಲಿನಿಂದ ಒಳಗೆ ಬಂದವರು. ನನ್ನ ಚಿಕ್ಕಪ್ಪನ ಮಗನೂ 'ಬಾಕಿ' ಸರಣಿಯ ಎರಡನೆಯ ಆರಂಭ ಗೀತೆಯಾದ 'ದ ಗಾಂಗ್ ಆಫ್ ನಾಕ್‌ಔಟ್' ಮೂಲಕವೇ ಈ ತಂಡವನ್ನು ಕಂಡುಕೊಂಡವನು. ಆ ಹಾಡು ಈ ಆಲ್ಬಂನಲ್ಲಿಯೂ ಇದೆ. "ಅಣ್ಣ, ಇದರಲ್ಲಿ ತಾಳ ಯಾವಾಗ ಬದಲಾಯಿತು ಅಂತಲೇ ತಿಳಿಯೋದಿಲ್ಲ" ಎಂದು ಅವನು ಹೇಳಿದ್ದು ನಿಜವಾದ ಮಾತು. ನಮ್ಮ ಕಡೆಯ ಜಾತ್ರೆಗಳಲ್ಲಿ ಮುಂದಾಳು ಕಣ್ಣಲ್ಲೇ ಸನ್ನೆ ಮಾಡಿದ ಕೂಡಲೇ ತಮಟೆಯವರು ಗತ್ತು ಬದಲಿಸುವ ಹಾಗೆ, ಡ್ರಮ್ ವಾದಕ ತೊಮೊನೊರಿ ನೃತ್ಯದ ಸಮತಾಳದಿಂದ ಎರಡೂ ಕಾಲುಗಳಿಂದ ಡ್ರಮ್ ಬಡಿಯುವ ಡಬಲ್ ಪೆಡಲ್‌ನ ಓಟಕ್ಕೆ, ಅಲ್ಲಿಂದ ಗತಿ ತಗ್ಗಿ ಸದ್ದು ಭಾರವಾಗುವ ಬ್ರೇಕ್‌ಡೌನ್‌ನ ಹೆಜ್ಜೆಗೆ ಉಸಿರು ತಪ್ಪದೆ ದಾಟುತ್ತಾರೆ.

ಒಂದು ಗಿಟಾರ್ ಕಡಿಮೆಯಾದದ್ದು ನಷ್ಟವೇ ಸರಿ, ಆದರೆ ಅದರಿಂದ ತೆರವಾದ ಜಾಗದಲ್ಲಿ ಬೇಸ್ ಸ್ಪಷ್ಟವಾಗಿ ಕೇಳಿಸುತ್ತದೆ. ತೈಕಿಯವರ ಗಿಟಾರ್ ತಡೆದು ನಿಂತಲ್ಲೆಲ್ಲ ತೆತ್ಸುಯ ಅವರ ತಂತಿಗಳ ಮಿಡಿತ ಮುಂದಕ್ಕೆ ಬರುತ್ತದೆ. ಅಗಲಿದ ಗೆಳೆಯನ ಸ್ಥಾನದಲ್ಲಿ ನಿಂತವನನ್ನು ಹಿಂದೆ ಅಡಗಿಸದೆ ಹೀಗೆ ಎದುರಿಗೆ ತಂದದ್ದು ದೊಡ್ಡ ಮನಸ್ಸಿನ ಕೆಲಸವೆಂದು ನಾನು ಭಾವಿಸುತ್ತೇನೆ. ಒಂದು ಆಕ್ಷೇಪವೂ ಇದೆ: ಕೆಲವೆಡೆ ಸದ್ದಿನ ಮೇಲೆ ಸದ್ದು ಪೇರಿಸಿದ್ದರಿಂದ ಒಳ್ಳೆಯ ರಾಗಗಳಿಗೆ ನೆಲೆ ನಿಲ್ಲಲು ಅವಕಾಶವಾಗಿಲ್ಲ. ಮೊಬೈಲ್ ಸ್ಪೀಕರ್‌ನಲ್ಲಿ ಈ ದೋಷ ಇನ್ನೂ ಹೆಚ್ಚಾಗಿ ಕಾಣುತ್ತದೆ, ಬೇಸ್ ಅಂತೂ ಪೂರ್ತಿ ಮಾಯವಾಗುತ್ತದೆ. ಆದ್ದರಿಂದ ದಯವಿಟ್ಟು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಹಾಡುಗಳನ್ನು ಹಿಂದೆಮುಂದೆ ಮಾಡದೆ, ಮೊದಲಿನಿಂದ ಕೊನೆಯವರೆಗೆ ಒಂದೇ ಪಟ್ಟಿಗೆ ಕೇಳಿ.